ನಳಿಗೆಯ ಉದ್ದವೂ ಕಾಯಿದೆಯ ಅಳತೆಯೂ

ಕಳೆದ ಮಳೆಗಾಲದಲ್ಲಿ ಒಂದು ದಿನ ತರಗತಿ ಮುಗಿದ ಮೇಲೆ ಕಾಗವಾಡದ ಕಡೆಯ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದನು. ಅಮೇರಿಕದ ಯಾವುದೋ ಊರಿನ ಗೃಹಸ್ಥನೊಬ್ಬನು ತನ್ನ ಮನೆಯ ಹಿತ್ತಿಲ ಕೊಠಡಿಯಲ್ಲಿ ಮೇಜಿನ ಮೇಲೆ ರೈಫಲಿನ ಬಿಡಿಭಾಗಗಳನ್ನು ಹರಡಿಕೊಂಡು, ಅವುಗಳಿಂದ ಗಿಡ್ಡ ನಳಿಗೆಯ ಆಯುಧವೊಂದನ್ನು ಜೋಡಿಸಿ, ಇದು ರೈಫಲಲ್ಲ, ಪಿಸ್ತೂಲು ಎಂದು ಸಾರುತ್ತಿದ್ದನು. "ಸರ್, ರೈಫಲಿನ ಸಾಮಾನಿನಿಂದ ಮಾಡಿದ್ದು ಪಿಸ್ತೂಲು ಹ್ಯಾಂಗಾಗತೈತ್ರಿ?" ಎಂಬುದು ಅವನ ಮೊದಲನೆಯ ಪ್ರಶ್ನೆ. ನಾವು ಉತ್ತರ ಹೇಳುವ ಮೊದಲೇ ಎರಡನೆಯದೂ ಬಂದಿತು. "ನಮ್ಮ ಕಾಕಾನ ಬಂದೂಕಿನ ನಳಿಗಿ ಭಾಳ ಉದ್ದ ಐತ್ರಿ. ಮೋಟರ್ ಸೈಕಲ್ ಮ್ಯಾಲೆ ಒಯ್ಯಾಕ ಆಗೂದಿಲ್ಲಂತ, ನಿಪ್ಪಾಣ್ಯಾಗ ಲೇಥಿನವರ ಕಡೆ ಅರ್ಧಕ್ಕ ಕೊಯ್ಸಬೇಕು ಅನ್ನಾಕತ್ತಾನ್ರಿ. ಕೊಯ್ಸಿದ್ರ ಅದೂ ಪಿಸ್ತೂಲ ಆಕ್ಕೈತೇನ್ರಿ?"

ಮೊದಲನೆಯದು ಕುತೂಹಲದ ಪ್ರಶ್ನೆ. ಎರಡನೆಯದಾದರೋ ಒಬ್ಬ ಮನುಷ್ಯನ ಆಯುಷ್ಯದ ಕನಿಷ್ಠ ಏಳು ವರ್ಷಗಳ ಪ್ರಶ್ನೆ; ಅದು ಹೇಗೆಂಬುದು ಮುಂದೆ ತಿಳಿಯುವುದು. ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಬ್ಬಿನ ಸೀಮೆಯಲ್ಲಿ ಬೆಳೆ ಕಾಯುವುದಕ್ಕಾಗಿ ಬಂದೂಕನ್ನು ಇರಿಸಿಕೊಂಡ ಮನೆಗಳು ಇರುವುದರಿಂದ, ಎರಡೂ ಪ್ರಶ್ನೆಗಳನ್ನು ಕೂಡಿಯೇ ವಿಚಾರಿಸುವುದು ವಾಚಕರಿಗೆ ಉಪಯುಕ್ತವಾದೀತೆಂದು ನಂಬಿದ್ದೇವೆ. ಕಾಯಿದೆಯ ಮಾತನ್ನು ಭೌತಶಾಸ್ತ್ರದ ಅಧ್ಯಾಪಕರು ಆಡುವುದೇಕೆಂದು ಕೆಲವರು ಕೇಳಬಹುದು. ಈ ಕಾಯಿದೆಯಲ್ಲಿ ಅಂಗುಲವಿದೆ, ಮಿಲಿಮೀಟರಿದೆ, ಜೂಲ್ ಕೂಡ ಇದೆ. ಆದುದರಿಂದ ನಮಗೂ ಅದರಲ್ಲಿ ಸ್ವಲ್ಪ ಅಧಿಕಾರವುಂಟು.

ಮೊದಲು ಬಂದೂಕೆಂಬ ಯಂತ್ರವನ್ನು ನೋಡೋಣ. ಅದು ಒಂದೇ ಒಂದು ಸಲ ಉಸಿರುಬಿಡುವ ಉಷ್ಣಯಂತ್ರ. ಮೋಟಾರಿನ ಎಂಜಿನ್ನಿನಲ್ಲಿ ಸಿಲಿಂಡರು ಮತ್ತು ಪಿಸ್ಟನ್ ಇರುವಂತೆ ಇಲ್ಲಿ ನಳಿಗೆಯೂ ಗುಂಡೂ ಇವೆ. ಮದ್ದು ಉರಿದು ಬಿಸಿಯಾದ ಅನಿಲವಾಗುತ್ತದೆ. ಅನಿಲವು ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ಪಿಸ್ಟನ್ ಹಿಂದಿರುಗಿ ಬರುವುದು, ಗುಂಡು ಹಿಂದಿರುಗುವುದಿಲ್ಲ. ಉಗಾರದ ಸಕ್ಕರೆ ಕಾರಖಾನೆಯ ಬಾಯ್ಲರನ್ನು ನೋಡಿದವರಿಗೆ ಒತ್ತಡವೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾರಖಾನೆಗಳ ಬಾಯ್ಲರಿನಲ್ಲಿ ಹಬೆಯ ಒತ್ತಡವು ವಾಯುಮಂಡಲದ ಒತ್ತಡದ ಹಲವು ಹತ್ತು ಪಟ್ಟು, ಹೆಚ್ಚೆಂದರೆ ನೂರು ಪಟ್ಟಿನ ಆಸುಪಾಸು ಇರುವುದು. ಸಾಮಾನ್ಯವಾದ ೧೨ ಬೋರಿನ ಬಂದೂಕಿನಲ್ಲಿ ಕ್ಷಣಮಾತ್ರ ಏಳುವ ಒತ್ತಡವು ಸುಮಾರು ಆರುನೂರು ಪಟ್ಟು. ದೊಡ್ಡ ರೈಫಲಿನಲ್ಲಿ ಮೂರು ಸಾವಿರ ಪಟ್ಟು. ಬಾಯ್ಲರಿಗೆ ಇನ್ಸ್‌ಪೆಕ್ಟರರ ಪರೀಕ್ಷೆಯೂ ಮುದ್ರೆಯೂ ಬೇಕೆಂಬುದು ೧೯೨೩ರ ಕಾಯಿದೆಯ ಕಾಲದಿಂದಲೂ ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ಹೀಗಿರಲು, ಅದಕ್ಕಿಂತ ಎಷ್ಟೋ ಪಟ್ಟು ಒತ್ತಡವನ್ನು ಮುಖದ ಹತ್ತಿರ ಹಿಡಿದುಕೊಳ್ಳುವ ನಳಿಗೆಯನ್ನು ನೀರಿನ ಪೈಪಿನಿಂದಲೋ ಹಳೆಯ ಕಬ್ಬಿಣದಿಂದಲೋ ಮಾಡಬಹುದೆಂದು ಭಾವಿಸುವವರ ಧೈರ್ಯಕ್ಕೆ ಏನೆನ್ನಬೇಕು? ನಾಡಬಂದೂಕು ಸಿಡಿದು ಬೆರಳು ಕಳೆದುಕೊಂಡವರ ಮಾತು ನಮ್ಮ ಹಳ್ಳಿಗಳಲ್ಲಿ ಹೊಸದೇನೂ ಅಲ್ಲ.

ಬೋರೆಂಬ ಶಬ್ದವನ್ನು ಇಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು. ಒಂದು ಪೌಂಡು ಸೀಸವನ್ನು ಸಮನಾದ ೧೨ ಉಂಡೆಗಳಾಗಿ ಮಾಡಿದರೆ, ಅಂಥ ಒಂದು ಉಂಡೆಯು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡ್ರುವುದೋ ಅದು ೧೨ ಬೋರಿನದು. ಉಂಡೆಯ ತೂಕ ೩೭.೮ ಗ್ರಾಂ, ಸೀಸದ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ೧೧.೩೪ ಗ್ರಾಂ. ಗೋಲದ ಘನಫಲದ ಸೂತ್ರದಿಂದ ವಾಚಕರು ತಾವೇ ಲೆಕ್ಕ ಹಾಕಿದರೆ ವ್ಯಾಸವು ಸುಮಾರು ೧೮.೫ ಮಿಲಿಮೀಟರೆಂದು ಹೊರಡುವುದು. ಇಂಥ ನಳಿಗೆಯ ಒಳಮೈ ನುಣುಪಾಗಿರುತ್ತದೆ. ರೈಫಲಿನ ನಳಿಗೆಯೊಳಗಾದರೋ ಸುರುಳಿಯಾಗಿ ತಿರುಗುತ್ತ ಹೋಗುವ ತೋಡುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತವೆ; ತಿರುಗುವ ಬುಗುರಿ ಬೀಳದಂತೆಯೇ ತಿರುಗುವ ಗುಂಡು ಗಾಳಿಯಲ್ಲಿ ಮಗುಚದೆ ನೇರವಾಗಿ ಹೋಗುವುದು. ಪಿಸ್ತೂಲಿನ ನಳಿಗೆಗೂ ಇಂಥ ತೋಡುಗಳಿರುತ್ತವೆ. ಅಂದಮೇಲೆ ಒಳಗಿನ ರಚನೆಯಿಂದ ಪಿಸ್ತೂಲನ್ನು ರೈಫಲಿನಿಂದ ಬೇರೆಮಾಡಲಾಗದು. ಉಳಿಯುವುದು ಎರಡೇ ಗುರುತು: ಹೆಗಲಿಗಾನಿಸುವ ಕಟ್ಟಿಗೆಯ ಹಿಡಿ ಇದೆಯೋ ಇಲ್ಲವೋ, ಮತ್ತು ನಳಿಗೆಯ ಉದ್ದವೆಷ್ಟು.

ಉದ್ದಕ್ಕೂ ಶಕ್ತಿಗೂ ಏನು ಸಂಬಂಧ? ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ಗುಂಡಿನ ಮೇಲೆ ನಡೆದ ಕೆಲಸವೇ ಅದರ ಚಲನಶಕ್ತಿ. .೨೨ ರೈಫಲಿನ ಗುಂಡು ಸುಮಾರು ೨.೬ ಗ್ರಾಂ ತೂಗುತ್ತದೆ. ೬೦ ಸೆಂಟಿಮೀಟರು ಉದ್ದದ ನಳಿಗೆಯಿಂದ ಅದು ಸೆಕೆಂಡಿಗೆ ಸುಮಾರು ೩೩೦ ಮೀಟರು ವೇಗದಿಂದ ಹೊರಡುವುದು. ಅದರ ಚಲನಶಕ್ತಿ ಸುಮಾರು ೧೪೦ ಜೂಲ್. ಹಾಗಾದರೆ ನಳಿಗೆಯನ್ನು ೧೦ ಸೆಂಟಿಮೀಟರಿಗೆ ಇಳಿಸಿದರೆ ಶಕ್ತಿಯೂ ಆರನೆಯ ಒಂದು ಪಾಲಿಗೆ ಇಳಿಯಬೇಕೆಂದು ಪರೀಕ್ಷೆಗೆ ಓದಿದ ವಿದ್ಯಾರ್ಥಿಯು ಥಟ್ಟನೆ ಹೇಳಿಯಾನು. ಬಲವು ಉದ್ದಕ್ಕೂ ಒಂದೇ ಆಗಿದ್ದರೆ ಅದು ನಿಜ. ಆದರೆ ಒತ್ತಡವು ಮೊದಲ ಕೆಲವು ಸೆಂಟಿಮೀಟರಿನಲ್ಲಿಯೇ ಶಿಖರವನ್ನು ಮುಟ್ಟಿ, ಅನಿಲವು ಹಿಗ್ಗಿದಂತೆಲ್ಲ ಇಳಿಯುತ್ತ ಬರುವುದು. ಕೆಲಸದ ಬಹುಭಾಗವು ಆರಂಭದಲ್ಲಿಯೇ ಮುಗಿದಿರುತ್ತದೆ. ಆದಕಾರಣ ೧೦ ಸೆಂಟಿಮೀಟರು ನಳಿಗೆಯ .೨೨ ಪಿಸ್ತೂಲಿನಿಂದಲೂ ಅದೇ ಗುಂಡು ಸೆಕೆಂಡಿಗೆ ಸುಮಾರು ೨೯೦ ಮೀಟರು ವೇಗದಲ್ಲಿ ಹೊರಡುವುದು. ಶಕ್ತಿ ಸುಮಾರು ೧೧೦ ಜೂಲ್. ಉದ್ದದಲ್ಲಿ ಆರರಲ್ಲಿ ಐದು ಪಾಲು ಹೋದರೂ ಶಕ್ತಿಯಲ್ಲಿ ಹೋದದ್ದು ಕಾಲುಭಾಗಕ್ಕಿಂತ ಕಡಿಮೆ! ದೊಡ್ಡ ರೈಫಲಿನ ತೋಟೆಗಳಲ್ಲಿ ನಷ್ಟವು ಇದಕ್ಕಿಂತ ಹೆಚ್ಚು; ಮದ್ದು ಉರಿದು ತೀರುವ ಮೊದಲೇ ಗುಂಡು ಹೊರಬಿದ್ದು, ಮಿಕ್ಕದ್ದು ಬಾಯಿಯ ಹತ್ತಿರ ಬೆಂಕಿಯಾಗಿ, ಕಿವಿಗಡಚಿಕ್ಕುವ ಸದ್ದಾಗಿ ವ್ಯರ್ಥವಾಗುವುದು. ಆದರೂ ಕೊಲ್ಲುವುದಕ್ಕೆ ಬೇಕಾದದ್ದು ಉಳಿದೇ ಉಳಿಯುತ್ತದೆ.

ಶಾಸನಕಾರರು ನಳಿಗೆಯ ಉದ್ದವನ್ನೇ ಏಕೆ ಹಿಡಿದುಕೊಂಡರೆಂಬುದಕ್ಕೆ ಉತ್ತರವು ಈ ಲೆಕ್ಕದಲ್ಲಿದೆ. ಉದ್ದನೆಯ ಬಂದೂಕನ್ನು ಸಂತೆಯಲ್ಲಿ ಹಿಡಿದು ನಡೆದರೆ ಊರೆಲ್ಲ ನೋಡುವುದು. ಗಿಡ್ಡದ್ದು ಅಂಗಿಯ ಮರೆಯಲ್ಲಿ ಅಡಗುವುದು. ಕತ್ತರಿಸಿದವನು ಕಳೆದುಕೊಳ್ಳುವ ಶಕ್ತಿ ಸ್ವಲ್ಪ, ಗಳಿಸುವ ಗುಟ್ಟು ಬಹಳ.

ಹಿಡಿಯುವವನಿಗೆ ಮಾತ್ರ ಒಂದು ದಂಡವುಂಟು. ೩೨ ಗ್ರಾಂ ಚರೆಯು ಸೆಕೆಂಡಿಗೆ ೪೦೦ ಮೀಟರು ವೇಗದಿಂದ ಮುಂದೆ ಹೋದರೆ, ೩ ಕಿಲೋಗ್ರಾಂ ತೂಕದ ಬಂದೂಕು ಸಂವೇಗದ ನಿಯಮದಂತೆ ಸೆಕೆಂಡಿಗೆ ೪ ಮೀಟರಿಗೂ ಮಿಕ್ಕಿ ಹಿಂದಕ್ಕೆ ಒದೆಯುವುದು. ಅದನ್ನೇ ಕತ್ತರಿಸಿ ಒಂದೂವರೆ ಕಿಲೋಗ್ರಾಮಿಗೆ ಇಳಿಸಿದರೆ ಹಿಮ್ಮುಖ ವೇಗವೂ ಇಮ್ಮಡಿ, ಒದೆತದ ಶಕ್ತಿಯೂ ಇಮ್ಮಡಿ. ಅದನ್ನು ತಾಳಲು ಹೆಗಲಿಲ್ಲ, ಮಣಿಕಟ್ಟು ಮಾತ್ರ.

ಈಗ ವಿದ್ಯಾರ್ಥಿಯ ಚಿತ್ರಕ್ಕೆ ಬರೋಣ. ಅಮೇರಿಕದಲ್ಲಿ ೧೯೩೪ರ ರಾಷ್ಟ್ರೀಯ ಬಂದೂಕು ಕಾಯಿದೆಯು ಗಿಡ್ಡ ರೈಫಲುಗಳ ಮೇಲೆ ನೋಂದಣಿಯನ್ನೂ ೨೦೦ ಡಾಲರು ತೆರಿಗೆಯನ್ನೂ ವಿಧಿಸಿತು. ಗಿಡ್ಡವೆಂದರೆ ಎಷ್ಟು? ಮೊದಲು ೧೮ ಅಂಗುಲಕ್ಕಿಂತ ಕಡಿಮೆಯೆಂದಿದ್ದದ್ದು ೧೯೬೦ರಲ್ಲಿ ಎಲ್ಲ ರೈಫಲುಗಳಿಗೆ ೧೬ ಅಂಗುಲವೆಂದಾಯಿತು. ಪ್ರಕೃತಿಯು ಇಂಥಲ್ಲಿ ಗೆರೆ ಎಳೆದಿಲ್ಲ. ಮನುಷ್ಯನು ಎಳೆದದ್ದು, ಅವನೇ ಜರುಗಿಸಿದನು. ಹೆಗಲಿನ ಹಿಡಿಯಿಲ್ಲದೆ, ಒಂದು ಕೈಯಲ್ಲಿ ಹಿಡಿದು ಹಾರಿಸುವುದಕ್ಕೆಂದೇ ಮೊದಲಿನಿಂದ ನಿರ್ಮಿಸಿದ್ದು ಅಲ್ಲಿ ಪಿಸ್ತೂಲು. ಅದಕ್ಕೆ ಈ ಉದ್ದದ ಕಟ್ಟಿಲ್ಲ. ಹಾಗೆಂದು ಒಮ್ಮೆ ರೈಫಲಾಗಿ ಹುಟ್ಟಿದ್ದನ್ನು ಕತ್ತರಿಸಿ ಪಿಸ್ತೂಲೆಂದು ಹೆಸರಿಟ್ಟರೆ ಕಾಯಿದೆ ಒಪ್ಪುವುದಿಲ್ಲ. ಅದು ರೈಫಲಿನಿಂದ ಮಾಡಿದ ಆಯುಧವೇ. ಆದರೆ ಎಂದೂ ರೈಫಲಾಗಿರದ ಹೊಸ ಚೌಕಟ್ಟಿಗೆ ರೈಫಲಿನ ಜಾತಿಯ ಭಾಗಗಳನ್ನು ಹೂಡಿದರೆ ಅದು ಪಿಸ್ತೂಲಾಗಬಲ್ಲುದು. ಹೀಗೆ ಅಲ್ಲಿ ವಸ್ತುವಿನ ಆಕಾರದಷ್ಟೇ ಅದರ ಜನ್ಮವೃತ್ತಾಂತವೂ ಮುಖ್ಯ. ೧೯೯೨ರಲ್ಲಿ ಈ ವಿವಾದವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಥಾಂಪ್ಸನ್ ಸೆಂಟರ್ ಎಂಬ ಕಂಪನಿಯು ೧೦ ಅಂಗುಲ ನಳಿಗೆಯ ಪಿಸ್ತೂಲಿನೊಂದಿಗೆ ಹೆಗಲಿನ ಹಿಡಿಯನ್ನೂ ೨೧ ಅಂಗುಲದ ಇನ್ನೊಂದು ನಳಿಗೆಯನ್ನೂ ಮಾರುತ್ತಿತ್ತು. ಉದ್ದ ನಳಿಗೆಯ ಬದಲು ಗಿಡ್ಡದ್ದನ್ನೇ ಇಟ್ಟು ಹಿಡಿಯನ್ನು ಜೋಡಿಸಿದರೆ ಗಿಡ್ಡ ರೈಫಲಾಗುವುದಲ್ಲವೇ ಎಂದು ಸರಕಾರ ವಾದಿಸಿತು. ಜೋಡಿಸಬಹುದೆಂಬ ಮಾತ್ರಕ್ಕೆ ಜೋಡಿಸಿದಂತಾಗಲಿಲ್ಲವೆಂದೂ, ಶಾಸನದ ಮಾತು ಸಂದಿಗ್ಧವಾಗಿರುವಲ್ಲಿ ಅದರ ಲಾಭವು ಪ್ರಜೆಗೆ ಸಲ್ಲಬೇಕೆಂದೂ ಬಹುಮತದ ನ್ಯಾಯಾಧೀಶರು ಕಂಪನಿಯ ಪರವಾಗಿ ತೀರ್ಪಿತ್ತರು.

ವಾಚಕರು ಗಮನಿಸತಕ್ಕ ಸಂಗತಿಯೊಂದಿದೆ. ಆ ದೇಶದ ಕೇಂದ್ರ ಕಾಯಿದೆಯಲ್ಲಿ ಬಂದೂಕಿನ ಚೌಕಟ್ಟು ಒಂದೇ ಬಂದೂಕೆನಿಸುವುದು. ನಳಿಗೆ, ಹಿಡಿ ಮೊದಲಾದ ಸಾಮಾನ್ಯ ಭಾಗಗಳನ್ನು ಅಂಗಡಿಯ ಸಾಮಾನಿನಂತೆ ಕೊಳ್ಳಬಹುದು. ಆದುದರಿಂದಲೇ ಬಿಡಿಭಾಗಗಳಿಂದ ಜೋಡಿಸುವವನಿಗೆ ಅಲ್ಲಿ ಪಿಸ್ತೂಲೋ ರೈಫಲೋ ಎಂಬ ಪ್ರಶ್ನೆ ಏಳುವುದು. ನಮ್ಮ ದೇಶದಲ್ಲಿ ಆ ಪ್ರಶ್ನೆ ಏಳುವ ಹೊತ್ತಿಗೆ ಅಪರಾಧವು ಮುಗಿದೇಹೋಗಿರುತ್ತದೆ.

ನಮ್ಮ ಕಾಯಿದೆಯ ಬೇರು ಬೇರೆ ನೆಲದಲ್ಲಿದೆ. ರಾಯಬಾಗದಿಂದ ಮೂಡಣ ದಿಕ್ಕಿಗೆ ಮುಧೋಳದ ಸೀಮೆಯಲ್ಲಿ ಹಲಗಲಿಯೆಂಬ ಊರಿದೆ. ೧೮೫೭ರಲ್ಲಿ ಆಂಗ್ಲ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಶಾಸನವನ್ನು ಹೊರಡಿಸಿದಾಗ ಆ ಊರಿನ ಬೇಡರು ಒಪ್ಪಲಿಲ್ಲ. ಬೇಟೆಯೂ ಕಾವಲೂ ಅವರ ಕುಲವೃತ್ತಿ. ಆಯುಧವನ್ನು ಒಪ್ಪಿಸುವುದೆಂದರೆ ಬದುಕನ್ನೇ ಒಪ್ಪಿಸಿದಂತೆ. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿಯಲ್ಪಟ್ಟವರಲ್ಲಿ ಹಲವರು ಗಲ್ಲಿಗೇರಿದರು. ಆ ಕಥೆಯ ಲಾವಣಿಯನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯಲ್ಲಿ ಓದಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಬಳಿಕ ೧೮೭೮ರ ಕಾಯಿದೆ ಬಂದಿತು. ದೇಶೀಯರಿಗೆ ಲೈಸನ್ಸು, ಯುರೋಪಿಯನ್ನರಿಗೆ ವಿನಾಯಿತಿ ಎಂಬ ಭೇದ ಅದರ ಆಡಳಿತದಲ್ಲಿತ್ತು. ಸ್ವತಂತ್ರ ಭಾರತದ ಪಾರ್ಲಿಮೆಂಟು ಅದನ್ನು ತೆಗೆದುಹಾಕಿ ಮಾಡಿದ್ದು ೧೯೫೯ರ ಶಸ್ತ್ರಾಸ್ತ್ರ ಕಾಯಿದೆ. ೧೯೬೨ರ ಅಕ್ಟೋಬರ್ ೧ರಂದು ಜಾರಿಗೆ ಬಂದ ಅದೇ ಕಾಯಿದೆ, ತಿದ್ದುಪಡಿಗಳೊಡನೆ, ಇಂದಿಗೂ ನಡೆದಿದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಹಿಂದಿನಿಂದ ಬಂದ ವಿನಾಯಿತಿಯನ್ನು ೨೦೧೯ರಲ್ಲಿ ಹತ್ತು ವರ್ಷ ಮುಂದುವರಿಸಲಾಯಿತು. ಕೃಷ್ಣಾ ತೀರದ ನಮಗೆ ಅದು ಅನ್ವಯಿಸುವುದಿಲ್ಲ.

ಈ ಕಾಯಿದೆಯ ೨ನೆಯ ಕಲಮಿನ ಪ್ರಕಾರ ಆಯುಧವೆಂದರೆ ಪೂರ್ಣವಾದ ಆಯುಧ ಮಾತ್ರವಲ್ಲ. ಅದರ ಭಾಗಗಳೂ, ಅವುಗಳನ್ನು ತಯಾರಿಸುವ ಯಂತ್ರಗಳೂ ಆಯುಧಗಳೇ. ನಳಿಗೆಯೊಂದು ಗೋಣಿಚೀಲದಲ್ಲಿದ್ದರೂ ಕಾಯಿದೆಯ ಕಣ್ಣಿಗೆ ಅದು ಆಯುಧ. ೫ನೆಯ ಕಲಮಿನಂತೆ ಲೈಸನ್ಸಿಲ್ಲದೆ ಯಾರೂ ಬಂದೂಕನ್ನು ತಯಾರಿಸಕೂಡದು, ಮಾರಕೂಡದು, ಮಾರ್ಪಡಿಸಕೂಡದು, ದುರಸ್ತಿ ಮಾಡಕೂಡದು, ಪರೀಕ್ಷಿಸಲೂ ಕೂಡದು. ಲೇಥಿನ ಅಂಗಡಿಯವರು ಎಷ್ಟೇ ಕುಶಲರಾದರೂ ಅವರಿಗೆ ಈ ಲೈಸನ್ಸು ಇಲ್ಲದಿದ್ದಲ್ಲಿ ಬಂದೂಕಿನ ಸ್ಕ್ರೂ ಬಿಗಿಯುವುದೂ ಅವರ ಕೆಲಸವಲ್ಲ. ಪರದೇಶದಿಂದ ಬಿಡಿಭಾಗಗಳನ್ನು ತರಿಸಿಕೊಳ್ಳುವುದಕ್ಕೆ ೧೦ನೆಯ ಕಲಮಿನಂತೆ ಬೇರೆಯೇ ಲೈಸನ್ಸು ಬೇಕು. ಅಂಚೆಯಲ್ಲಿ ಬಂದರೂ ಆಮದು ಆಮದೇ.

೬ನೆಯ ಕಲಮು ನಮ್ಮ ವಿಷಯದ ತಿರುಳು. ಲೈಸನ್ಸಿಲ್ಲದೆ ಬಂದೂಕಿನ ನಳಿಗೆಯನ್ನು ಗಿಡ್ಡ ಮಾಡಕೂಡದು, ಬಂದೂಕಿನಂತೆ ತೋರುವ ನಕಲಿ ವಸ್ತುವನ್ನು ನಿಜವಾದ ಬಂದೂಕಾಗಿ ಮಾರ್ಪಡಿಸಕೂಡದು. ೨೦೧೯ರ ತಿದ್ದುಪಡಿಯು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿತು: ೨೦೧೬ರ ನಿಯಮಗಳಲ್ಲಿ ಹೇಳಿದ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದೂ ನಿಷಿದ್ಧ. ಆ ನಿಯಮಗಳಲ್ಲಿ ಪಿಸ್ತೂಲು ಒಂದು ವರ್ಗ, ರೈಫಲು ಇನ್ನೊಂದು. ರೈಫಲಿನ ಭಾಗಗಳಿಂದ ಪಿಸ್ತೂಲನ್ನು ಮಾಡುವ ಚಿತ್ರದ ಗೃಹಸ್ಥನಿಗೆ ಇಲ್ಲಿ ಉತ್ತರ ಸಿಕ್ಕಿತು. ಇದರ ಶಿಕ್ಷೆಯು ೨೫ನೆಯ ಕಲಮಿನಲ್ಲಿದೆ. ಮೊದಲು ಮೂರರಿಂದ ಏಳು ವರ್ಷಗಳವರೆಗೆ ಇದ್ದ ಸೆರೆವಾಸವು ೨೦೧೯ರ ಡಿಸೆಂಬರಿನಿಂದ ಕನಿಷ್ಠ ಏಳು ವರ್ಷ, ಗರಿಷ್ಠ ಆಜನ್ಮ ಕಾರಾವಾಸ, ಮೇಲೆ ದಂಡ. ನಳಿಗೆ ಕೊಯ್ದವನನ್ನೂ ಹೊಸ ಬಂದೂಕು ತಯಾರಿಸಿದವನನ್ನೂ ಕಾಯಿದೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹೊಲ ಕಾಯುವ ಒಕ್ಕಲಿಗನು ಅನುಕೂಲಕ್ಕಾಗಿ ಕೊಯ್ದದ್ದಕ್ಕೂ ಕೊಲೆಗಡುಕನು ಅಡಗಿಸಲು ಕೊಯ್ದದ್ದಕ್ಕೂ ಕನಿಷ್ಠ ಶಿಕ್ಷೆ ಒಂದೇ ಎಂಬುದು ನಮಗೆ ಕಠೋರವೆಂದೇ ತೋರುತ್ತದೆ. ಆದರೆ ಕಾಯಿದೆ ಇರುವುದು ಹಾಗೆ.

ಇಲ್ಲಿ ಜನರು ತಪ್ಪು ತಿಳಿದುಕೊಳ್ಳುವ ಒಂದು ಸ್ಥಳವಿದೆ. ೨೦ ಅಂಗುಲದವರೆಗೆ ಕೊಯ್ಯಬಹುದಂತೆ ಎಂದು ಕಟ್ಟೆಯ ಮೇಲೆ ಕೂತು ಹೇಳುವವರನ್ನು ನಾವು ಕೇಳಿದ್ದೇವೆ. ೨೦ ಅಂಗುಲ, ಅಂದರೆ ೫೦.೮ ಸೆಂಟಿಮೀಟರು, ಎಂಬ ಅಳತೆ ಕಾಯಿದೆಯಲ್ಲಿ ಇರುವುದು ನಿಜ. ಆತ್ಮರಕ್ಷಣೆಗಾಗಲಿ ಬೇಟೆಯ ಕ್ರೀಡೆಗಾಗಲಿ ನುಣುಪು ನಳಿಗೆಯ ಬಂದೂಕಿಗೆ ಲೈಸನ್ಸು ಕೇಳುವವನ ವಿಷಯದಲ್ಲಿ, ನಳಿಗೆಯು ೨೦ ಅಂಗುಲಕ್ಕೆ ಕಡಿಮೆಯಿರಬಾರದೆಂದು ೧೩ನೆಯ ಕಲಮು ಹೇಳುತ್ತದೆ. ಅದು ಯಾವ ಬಂದೂಕಿಗೆ ಲೈಸನ್ಸು ಕೊಡಬೇಕೆಂಬುದರ ಅಳತೆ. ೬ನೆಯ ಕಲಮಿನಲ್ಲಾದರೋ ಅಂಗುಲದ ಸುದ್ದಿಯೇ ಇಲ್ಲ. ೩೦ ಅಂಗುಲದ ನಳಿಗೆಯನ್ನು ೨೯ಕ್ಕೆ ಇಳಿಸಿದರೂ ಗಿಡ್ಡ ಮಾಡಿದಂತೆಯೇ. ಇನ್ನು ೨೦ಕ್ಕಿಂತ ಕೆಳಗೆ ಇಳಿಸಿದರಂತೂ ಆ ಬಂದೂಕು ನಿರ್ಬಂಧಿತ ವರ್ಗಕ್ಕೆ ಜಾರಿ, ಕೈಯಲ್ಲಿರುವ ಲೈಸನ್ಸಿನ ಕಾಗದ ಅದಕ್ಕೆ ಹೊಂದುವುದೇ ಇಲ್ಲ. ಅಪರಾಧ ಒಂದಿದ್ದದ್ದು ಎರಡಾಗುವುದು. ಅದೇ ೧೩ನೆಯ ಕಲಮಿನಲ್ಲಿ ಒಕ್ಕಲುತನದವರಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ: ಬೆಳೆಯ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಲೈಸನ್ಸು ಕೊಡಲಾಗುವುದು, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದಲ್ಲಿ ಬೇರೆ ನುಣುಪು ನಳಿಗೆಯ ಬಂದೂಕಿಗೆ ಲೈಸನ್ಸು ಕೊಡಬಹುದು. ಆದರೆ ಲೈಸನ್ಸೆಂಬುದು ಬಂದೂಕಿಗೆ ಹೊರತು ಹಂದಿಯನ್ನು ಕೊಲ್ಲುವುದಕ್ಕಲ್ಲ; ಅದಕ್ಕೆ ೧೯೭೨ರ ವನ್ಯಜೀವಿ ಕಾಯಿದೆಯ ಮೇರೆಗೆ ಅರಣ್ಯ ಅಧಿಕಾರಿಗಳ ಅಪ್ಪಣೆ ಬೇರೆ ಬೇಕು.

ಗಡಿಯ ಜನರಿಗೆ ಮತ್ತೊಂದು ತೊಡಕು. ಕಾಗವಾಡದ ಹೊಲದ ಬದುವಿನಿಂದ ಮಿರಜ ಸಮೀಪ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಕೊಗನೊಳ್ಳಿಯನ್ನು ದಾಟಿದರೆ ಕಾಗಲ. ನಮ್ಮಲ್ಲಿ ಹೆಣ್ಣು ಕೊಟ್ಟು ತಂದ ಮನೆಗಳು ಎರಡೂ ಕಡೆ ಇವೆ, ಕೆಲವರ ಹೊಲಗಳೂ ಎರಡೂ ಕಡೆ ಇವೆ. ಲೈಸನ್ಸಿನಲ್ಲಾದರೋ ಅದು ಯಾವ ಪ್ರದೇಶದಲ್ಲಿ ಸಲ್ಲುವುದೆಂಬುದನ್ನು ಬರೆದಿರುತ್ತದೆ. ಅದನ್ನು ಓದದೆ ಬಂದೂಕನ್ನು ಮಹಾರಾಷ್ಟ್ರದ ತೋಟಕ್ಕೆ ಒಯ್ಯುವುದು ಲೈಸನ್ಸಿಲ್ಲದೆ ಒಯ್ದಂತೆಯೇ ಆದೀತು.

ಹಳೆಯ ವಾಡೆಗಳ ಅಟ್ಟದ ಮೇಲೆ ತುಕ್ಕು ಹಿಡಿದ ಬಂದೂಕುಗಳಿರುವುದುಂಟು. ಇವುಗಳಿಗೆ ೪೫ನೆಯ ಕಲಮಿನಲ್ಲಿ ಒಂದು ಬಾಗಿಲು ತೆರೆದಿದೆ. ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನವಾದ ಅಥವಾ ಕೆಟ್ಟುಹೋದ ಆಯುಧವು, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಕೆಲಸ ಮಾಡಲಾರದಂತಿದ್ದರೆ, ಅದಕ್ಕೆ ಕಾಯಿದೆ ಅನ್ವ��ಿಸದು. ದುರಸ್ತಿ ಮಾಡಿದರೂ ಎಂಬ ಮಾತನ್ನು ಎರಡು ಸಲ ಓದಬೇಕು. ತುಕ್ಕು ಒರೆಸಿ ಒಂದು ಸ್ಪ್ರಿಂಗು ಹಾಕಿದರೆ ಹಾರುವಂಥದು ಈ ಬಾಗಿಲಿನಿಂದ ಹೊರಗೆ ಬರಲಾರದು. ಅದೇ ಕಲಮು ಆಯುಧಗಳ ಸಣ್ಣಪುಟ್ಟ ಭಾಗಗಳನ್ನು ಇಟ್ಟುಕೊಂಡವನಿಗೂ ವಿನಾಯಿತಿ ಕೊಡುತ್ತದೆ. ಆದರೆ ಅವನ ಬಳಿಯಾಗಲಿ ಇನ್ನೊಬ್ಬನ ಬಳಿಯಾಗಲಿ ಇರುವ ಪೂರಕ ಭಾಗಗಳೊಡನೆ ಅವುಗಳನ್ನು ಬಳಸುವ ಉದ್ದೇಶವಿರಕೂಡದು. ಅಮೇರಿಕದ ೧೯೯೨ರ ತೀರ್ಪಿನೊಡನೆ ಇದನ್ನು ಹೋಲಿಸಿ ನೋಡಿರಿ. ಅಲ್ಲಿ ಜೋಡಿಸುವವರೆಗೆ ತಪ್ಪಿಲ್ಲ. ಇಲ್ಲಿ ಜೋಡಿಸುವ ಮನಸ್ಸೇ ವಿನಾಯಿತಿಯನ್ನು ಕಳೆಯುತ್ತದೆ. ಮಿತ್ರರಿಬ್ಬರು ಪಾಲು ಹಂಚಿಕೊಂಡು ಒಬ್ಬನು ಚೌಕಟ್ಟನ್ನೂ ಇನ್ನೊಬ್ಬನು ಕುದುರೆಯನ್ನೂ ಇಟ್ಟುಕೊಂಡರೂ ಉಪಾಯ ಫಲಿಸದು.

ಬಂದೂಕಿನ ಗುರುತಿನ ಅಂಕೆಗಳನ್ನು ಅಳಿಸುವುದನ್ನೂ ಕಾಯಿದೆಯ ೮ನೆಯ ಕಲಮು ನಿಷೇಧಿಸುತ್ತದೆ. ಅಂಕೆಯಿಲ್ಲದ ನಾಡಪಿಸ್ತೂಲು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂದಿತೆಂದು ಹೇಳುವ ಕಾಗದವೇ ಇರುವುದಿಲ್ಲ. ಆಗ ಪೊಲೀಸರಿಗೆ ಉಳಿಯುವುದು ಭೌತಶಾಸ್ತ್ರ ಒಂದೇ. ಯಾವ ಎರಡು ನಳಿಗೆಗಳ ಒಳಮೈಯೂ ಸೂಕ್ಷ್ಮದಲ್ಲಿ ಒಂದೇ ಆಗಿರುವುದಿಲ್ಲ. ಕೊರೆಯುವ ಉಪಕರಣದ ಗೀರುಗಳು ಹಾದುಹೋಗುವ ಗುಂಡಿನ ಮೇಲೆ ಅಚ್ಚೊತ್ತುತ್ತವೆ, ಸೂಜಿ ಬಡಿದ ಗುರುತು ತೋಟೆಯ ತಳದಲ್ಲಿ ಉಳಿಯುತ್ತದೆ. ಎರಡು ಗುಂಡುಗಳನ್ನು ಒಂದೇ ನೋಟದಲ್ಲಿ ಅಕ್ಕಪಕ್ಕ ತೋರಿಸುವ ತೌಲನಿಕ ಸೂಕ್ಷ್ಮದರ್ಶಕವು ೧೯೨೦ರ ದಶಕದಲ್ಲಿ ಅಮೇರಿಕದಲ್ಲಿ ರೂಢಿಗೆ ಬಂದಿತು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನೂ, ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನೂ ಅವರವರ ಮನೆಯ ಬಾಗಿಲಲ್ಲಿಯೇ ಗುಂಡಿಕ್ಕಿ ಕೊಂದರು. ಎರಡೂ ಕಡೆ ಬಳಕೆಯಾದದ್ದು ೭.೬೫ ಮಿಲಿಮೀಟರಿನ ಒಂದೇ ನಾಡಪಿಸ್ತೂಲೆಂಬ ವಿಧಿವಿಜ್ಞಾನ ಪ್ರಯೋಗಶಾಲೆಯ ವರದಿಯನ್ನು ವಿಶೇಷ ತನಿಖಾದಳವು ನ್ಯಾಯಾಲಯದ ಮುಂದಿಟ್ಟಿತು. ಕಲಬುರ್ಗಿಯವರ ಪುಸ್ತಕಗಳನ್ನು ಓದಿದ ನಮಗೆ ಈ ಉದಾಹರಣೆಯನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬಿಡಿಭಾಗಗಳ ಮೇಲೆ ಕಾಯಿದೆ ಇಷ್ಟು ಬಿಗಿಯಾಗಿರುವುದೇಕೆಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಹತ್ತಿರದ ಉತ್ತರವಿಲ್ಲ.

ಗುರಿಯಿಡುವ ವಿದ್ಯೆಯಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ನಿರಾಶರಾಗಬೇಕಾಗಿಲ್ಲ. ಲೈಸನ್ಸು ಪಡೆಯುವುದಕ್ಕೆ ಸಾಮಾನ್ಯವಾಗಿ ೨೧ ವರ್ಷ ತುಂಬಿರಬೇಕು. ಆದರೆ ರೈಫಲ್ ಕ್ಲಬ್ಬುಗಳಲ್ಲಿ ನಿಯಮಕ್ಕೊಳಪಟ್ಟು ಎಳೆಯರೂ ಅಭ್ಯಾಸ ಮಾಡಬಹುದು. ಬಾಯಿಯ ಹತ್ತಿರ ೨೦ ಜೂಲ್ ಮೀರದ, ೪.೫ ಮಿಲಿಮೀಟರಿಗಿಂತ ದೊಡ್ಡದಲ್ಲದ ವ್ಯಾಸದ ಗಾಳಿಬಂದೂಕಿಗೆ ೨೦೧೬ರ ನಿಯಮಗಳಂತೆ ಲೈಸನ್ಸಿನ ಅಗತ್ಯವಿಲ್ಲ. ಅರ್ಧ ಗ್ರಾಮಿನ ಚರೆಗೆ ೨೦ ಜೂಲ್ ಎಂದರೆ ಸೆಕೆಂಡಿಗೆ ೨೮೩ ಮೀಟರು ವೇಗ. ಸ್ಪರ್ಧೆಯ ಗಾಳಿರೈಫಲುಗಳ ವೇಗ ಸುಮಾರು ೧೭೦ ಮೀಟರು ಇರುವುದು. ಅದರ ಶಕ್ತಿ ೭ ಜೂಲಿಗೆ ಸ್ವಲ್ಪ ಹೆಚ್ಚು. ಇಷ್ಟರಿಂದಲೂ ಕಣ್ಣು ಹೋಗಬಹುದೆಂಬುದನ್ನು ಮರೆಯಬಾರದು.

ಇನ್ನು ಕಾಕಾನ ಸಂಗತಿ. ಮುಂದಿನ ರವಿವಾರ ಅವರೇ ನಮ್ಮ ಮನೆಗೆ ಬಂದರು. "ಲೈಸನ್ಸು ಐತಿ, ಬಂದೂಕ ನಂದ, ನಳಿಗಿ ನಂದ. ನನ್ನ ಸಾಮಾನ ನಾ ಕೊಯ್ಸಿದ್ರ ಯಾರ ಅಪ್ಪಣಿ ಬೇಕ್ರಿ ಮಾಸ್ತರ್ರ?" ಎಂದು ಕೇಳಿದರು. ನಾವು ೬ನೆಯ ಮತ್ತು ೨೫ನೆಯ ಕಲಮುಗಳನ್ನು ಓದಿ ಹೇಳಿದೆವು. ಏಳು ವರ್ಷವೆಂಬ ಮಾತು ಬಂದಾಗ ಚಹದ ಬಟ್ಟಲನ್ನು ಕೆಳಗಿಟ್ಟರು. ಬಂದೂಕು ಯಾವ ಬಗೆಯದೆಂದು ವಿಚಾರಿಸಲಾಗಿ, ತಂದೆಯ ಕಾಲದ ೧೨ ಬೋರಿನ ಒಂಟಿ ನಳಿಗೆಯದೆಂದೂ, ನಡುವೆ ಮಡಿಚಿ ತೋಟೆ ತುಂಬುವಂಥದೆಂದೂ, ನಳಿಗೆಯು ೩೦ ಅಂಗುಲವೆಂದೂ ತಿಳಿಯಿತು. ಇಂಥ ಬಂದೂಕಿನ ನಳಿಗೆಯನ್ನು ಹಿಡಿಯಿಂದ ಬಿಡಿಸಿ ಎರಡು ತುಂಡಾಗಿ ಒಯ್ಯಲು ಬರುವಂತೆ ಕಾರಖಾನೆಯಲ್ಲಿಯೇ ಮಾಡಿರುತ್ತಾರೆ. ನಲವತ್ತು ವರ್ಷ ಅದನ್ನು ಇಟ್ಟುಕೊಂಡವರಿಗೆ ಅದು ತಿಳಿದಿರಲಿಲ್ಲ. ಬೆಳಗಾವಿಯಲ್ಲಿ ಲೈಸನ್ಸುಳ್ಳ ವ್ಯಾಪಾರಿಯೊಬ್ಬರು ಬಿಡಿಸಿ ಜೋಡಿಸುವುದನ್ನು ತೋರಿಸಿಕೊಟ್ಟರಂತೆ. ಈಗ ನಳಿಗೆಯೂ ಹಿಡಿಯೂ ಅಥಣಿಯ ಚರ್ಮದ ಕೆಲಸದವರು ಹೊಲಿದುಕೊಟ್ಟ ಚೀಲವೊಂದರಲ್ಲಿ, ಲೈಸನ್ಸಿನ ಪುಸ್ತಕದೊಡನೆ, ಮೋಟರ್ ಸೈಕಲ್ಲಿನ ಮೇಲೆ ಹೊಲಕ್ಕೆ ಹೋಗಿ ಬರುತ್ತಿವೆ.